ಪೇಪರಿನವರ ಪ್ರಕಾರ ಸಣ್ಣಪುಟ್ಟ ಗಾಯ

ಮೂತ್ರದ ಬಣ್ಣದಿಂದ ಕಥೆ ಶುರು ಮಾಡಬೇಡ ಎಂದು ನನ್ನ ಗಂಡ ಹೇಳಿದರು. ಯಾರಾದರೂ ಊಟದ ಹೊತ್ತಿನಲ್ಲಿ ಓದಿಯಾರಂತೆ. ಊಟ ಮುಗಿಸಿಕೊಂಡೇ ಓದಲಿ. ಆ ಬಣ್ಣವನ್ನು ಒಂದೂವರೆ ದಿನ ಮುಚ್ಚಿಟ್ಟು ನಾನು ಸಾವಿನ ಬಾಗಿಲವರೆಗೆ ಹೋಗಿ ಬಂದವಳು. ಮತ್ತೆ ಮುಚ್ಚಿಡುವ ಮನಸ್ಸು ನನಗಿಲ್ಲ.

ನಾನು ನೀಲಮ್ಮ. ಇಳಕಲ್ಲಿನ ಹತ್ತಿರದ ಒಂದು ಪ್ರೌಢಶಾಲೆಯಲ್ಲಿ ಪಿ.ಟಿ. ಟೀಚರ್. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಸೀಟಿ ಊದುವುದು, ಸಾಲು ಸೊಟ್ಟಗಾದರೆ ಬೈಯುವುದು, ಇದೇ ನನ್ನ ಕಸುಬು. ಗಂಡ ಸಂಗಪ್ಪ ಕುಣಿ ಮಗ್ಗದ ಮೇಲೆ ಸೀರೆ ನೇಯುತ್ತಾರೆ. ಅವರು ದಿನಕ್ಕೆ ಆಡುವ ಮಾತನ್ನು ನಾನು ಬೆಳಗಿನ ಪ್ರಾರ್ಥನೆಗೆ ಮೊದಲೇ ಆಡಿ ಮುಗಿಸಿರುತ್ತೇನೆ. ನನ್ನ ತವರು ಮನೆಯೂ ನೇಕಾರರದೇ. ನೇಯ್ದ ಬಟ್ಟೆಯ ಮೇಲೆ ಚಪ್ಪಲಿ ಕಾಲಿಟ್ಟರೆ ನಮ್ಮಪ್ಪ ಬೆನ್ನಿಗೆ ಗುದ್ದುತ್ತಿದ್ದ. ಈ ಒಂದು ಅಭ್ಯಾಸ ನನ್ನನ್ನೂ ಇನ್ನಷ್ಟು ಜನರನ್ನೂ ಎಲ್ಲಿಗೆ ಒಯ್ದಿತು ಎಂಬುದನ್ನೇ ಹೇಳಬೇಕಾಗಿದೆ.

ಬಾದಾಮಿಯ ಹೊರಗಿನ ಬಯಲಿನಲ್ಲಿ ಒಂದು ಸಮಿತಿಯವರು ಸಂಗೀತ ಉತ್ಸವ ಮಾಡಿದರು. ಸಮಿತಿಯ ಮುಖ್ಯಸ್ಥರು ವಾಮನರಾವ್ ಸರ್, ನಿವೃತ್ತ ಕಾಲೇಜು ಮೇಷ್ಟ್ರು. ಹಾಡು ಅಂದರೆ ಪ್ರಾಣ. ಯಾರದೋ ಮದುವೆಯಲ್ಲಿ ನಾನು ಊಟದ ಪಂಕ್ತಿ ಸಂಭಾಳಿಸಿದ್ದನ್ನು ನೋಡಿದ್ದರಂತೆ. "ಟೀಚರ್, ಹೆಣ್ಣುಮಕ್ಕಳ ಕಡಿ ವ್ಯವಸ್ಥಾ ನೀವೇ ನೋಡಿಕೊಳ್ಳಬೇಕು. ನಿಮ್ಮ ಸೀಟಿ ಅದ ಅಂದ್ರ ನನಗ ಚಿಂತಿ ಇಲ್ಲ," ಎಂದರು. ನಾನು ಉಬ್ಬಿಹೋದೆ. ಬೇಸಿಗೆ ರಜೆ ಬೇರೆ, ಒಪ್ಪಿಕೊಂಡೆ.

ಬಯಲಿನ ಸುತ್ತ ತಗಡಿನ ಬೇಲಿ. ಎರಡೇ ಗೇಟು. ಒಂದು ಬಾದಾಮಿ ಊರಿನ ಕಡೆಗೆ, ಇನ್ನೊಂದು ಕುಳಗೇರಿ ಕ್ರಾಸ್ ರಸ್ತೆಯ ಕಡೆಗೆ. ಎರಡನೆಯದು ಅತಿಥಿಗಳ ಕಾರಿಗೆ ಮೀಸಲು, ಕೀಲಿ ಹಾಕಿದ್ದರು. ಇದನ್ನು ನಾನು ನೋಡಿದ್ದೆ. ನೋಡಿ ಸುಮ್ಮನಿದ್ದೆ, ಏಕೆಂದರೆ ಅದು ನನ್ನ ಪಾಲಿನ ಕೆಲಸವಾಗಿರಲಿಲ್ಲ.

ನೆಲಕ್ಕೆ ಜಮಖಾನೆ ಹಾಸಿದ್ದರು. ಕುರ್ಚಿ ಬೇಡ, ಹಾಡು ನೆಲದ ಮೇಲೆ ಕೂತು ಕೇಳಬೇಕು ಎಂಬುದು ವಾಮನರಾವ್ ಸರ್ ಆಸೆ. ಜಮಖಾನೆಗಳೆಲ್ಲ ಮನೆಮನೆಯಿಂದ ಎರವಲು ತಂದವು, ಅವುಗಳಲ್ಲಿ ನಮ್ಮ ತವರಿನವೂ ಎರಡಿದ್ದವು. ನನ್ನ ಕೈಕೆಳಗೆ ಬಾದಾಮಿಯ ಮಹಿಳಾ ಸಂಘದ ಎಂಟು ಜನ ಹೆಂಗಸರು. ಅವರಲ್ಲಿ ಶಾಂತವ್ವ ಎಂಬಾಕೆ ಬೆಳಿಗ್ಗೆಯೇ ಹೇಳಿದಳು:

"ಟೀಚರ್, ಮಂದಿ ಚಪ್ಪಲಿ ಚೀಲದಾಗ ಹಾಕ್ಕೊಂಡು ತಮ್ಮ ಬಾಜೂಕ ಇಟ್ಕೋತಾರ್ರಿ. ಇಟ್ಕೊಳ್ಳಲಿ ಬಿಡ್ರಿ."

"ಜಮಖಾನಿ ಮ್ಯಾಲ ಚಪ್ಪಲಿನಾ? ನಾ ಜೀವಂತ ಇರೋತನಕ ಇಲ್ಲ," ಅಂದೆ ನಾನು. "ಎಲ್ಲಾರ ಚಪ್ಪಲಿ ಗೇಟಿನ ಕಡೆ. ಜೋಡಿ ಜೋಡಿ, ಸಾಲಾಗಿ. ಸಾಲ್ಯಾಗ ಹುಡುಗರ ಕಡಿಂದ ಇಡಸ್ತೀವಲ್ಲ, ಹಾಂಗ."

ಊರಿನ ಕಡೆಯ ಗೇಟಿನ ಒಳಬದಿಯಲ್ಲಿ ಸಾಲು ಹಿಡಿಸಿಯೇ ಬಿಟ್ಟೆ. ನಾಲ್ಕು ಗಂಟೆಯ ಹೊತ್ತಿಗೆ ಸಾವಿರಾರು ಜೋಡಿ ಚಪ್ಪಲಿ, ಒಂದೂ ಸೊಟ್ಟಗಿಲ್ಲ. ನಡುವೆ ಹೋಗಿ ಬರಲು ಒಂದು ಕಾಲುದಾರಿ. ಚೆಂದ ಕಂಡು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡೆ. ಆ ಫೋಟೋ ಅಳಿಸಿಲ್ಲ, ಅಳಿಸುವುದೂ ಇಲ್ಲ.

ಐದೂವರೆಗೆ ಗಾಳಿ ಎದ್ದಿತು. ಮೊದಲು ಧೂಳು, ಆಮೇಲೆ ದಪ್ಪ ಹನಿಯ ಮಳೆ. ವೇದಿಕೆಯ ಮೇಲಿನ ತಾಡಪತ್ರಿ ಹರಿದು ಹಾರಿತು. ಜನರೇಟರ್ ಆರಿಸಿದರು, ಮೈಕು ಸತ್ತಿತು. ಹಾಡುತ್ತಿದ್ದವರು ಎದ್ದರು, ಅವರ ಹಿಂದೆ ಬಯಲೇ ಎದ್ದಿತು. ಎಲ್ಲರೂ ಓಡಿದ್ದು ಒಂದೇ ಕಡೆಗೆ. ಗೇಟು ಅಲ್ಲಿತ್ತು, ಚಪ್ಪಲಿಯೂ ಅಲ್ಲೇ ಇತ್ತು. ಮೊದಲು ಮುಟ್ಟಿದವರು ಹೊರಗೆ ಹೋಗಲಿಲ್ಲ, ಬಗ್ಗಿದರು. ತಮ್ಮ ಜೋಡಿ ಹುಡುಕತೊಡಗಿದರು. ನಮ್ಮ ಕಡೆಯ ಯಾವ ಹೆಂಗಸು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮನೆಗೆ ಹೋದಾಳು? ಬಗ್ಗಿದವರ ಮೇಲೆ ಹಿಂದಿನವರು ಬಿದ್ದರು. ನಾನು ನಡುವೆ ನಿಂತು ಸೀಟಿ ಊದಿದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೊದಲ ಸಲ ನನ್ನ ಸೀಟಿಗೆ ಯಾರೂ ನಿಲ್ಲಲಿಲ್ಲ.

ನೂಕಿದ ರಭಸಕ್ಕೆ ನಾನೂ ನೆಲಕ್ಕೆ ಬಿದ್ದೆ. ಗೇಟಿನ ಬಳಿ ನಿಲ್ಲಿಸಿದ್ದ ಕಬ್ಬಿಣದ ಬ್ಯಾರಿಕೇಡ್ ನನ್ನ ತೊಡೆಗಳ ಮೇಲೆ ಬಿತ್ತು, ಅದರ ಮೇಲೆ ಜನ ಬಿದ್ದರು, ಜನ ಎದ್ದ ಮೇಲೆ ಸ್ವಾಗತ ಕಮಾನಿನ ಪೈಪು ಬಿದ್ದು ಎಲ್ಲವನ್ನೂ ಬಿಗಿಯಿತು. ಎದೆ ಮೇಲೆತ್ತಲು ಆಗುತ್ತಿರಲಿಲ್ಲ, ತುಣುಕು ತುಣುಕಾಗಿ ಉಸಿರಾಡಿದೆ. ಕಿವಿಯ ಹತ್ತಿರ ಯಾರೋ ಅಳುತ್ತ, "ನನ್ವು ಕೆಂಪನ್ವು, ಹೊಸಾವು," ಎಂದು ಇನ್ನೂ ಚಪ್ಪಲಿಯನ್ನೇ ಹುಡುಕುತ್ತಿದ್ದಳು. ಆ ಕೀಲಿ ಹಾಕಿದ ಗೇಟಿನ ಹತ್ತಿರ ಒಬ್ಬರೂ ಇರಲಿಲ್ಲ. ಪೈಪು ಕತ್ತರಿಸಲು ಬಾದಾಮಿಯಿಂದ ಗ್ಯಾಸ್ ಕಟರ್ ಬರುವವರೆಗೆ ಒಂದು ತಾಸಿನ ಮೇಲೆ ಅಲ್ಲೇ ಬಿದ್ದಿದ್ದೆ. ಕೊನೆಕೊನೆಗೆ ಕಾಲು ನೋಯುವುದೇ ನಿಂತಿತ್ತು. ಅದನ್ನು ನಾನು ಒಳ್ಳೆಯ ಲಕ್ಷಣ ಅಂದುಕೊಂಡೆ.

ಬಾದಾಮಿಯ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಚಿಕ್ಕ ವಯಸ್ಸಿನ ಡಾಕ್ಟರ್ ನನ್ನ ತೊಡೆ ಒತ್ತಿ ನೋಡಿ, "ಅಮ್ಮಾ, ಕಾಲು ಭಾಳ ಹೊತ್ತು ಸಿಕ್ಕೊಂಡಿತ್ತು. ಇವತ್ತು ಇಲ್ಲೇ ಇರ್ರಿ. ನಿಮ್ಮ ಮೂತ್ರ ನೋಡಬೇಕು," ಎಂದ.

"ಪೆಟ್ಟು ಬಿದ್ದಿದ್ದು ಕಾಲಿಗೆ, ಡಾಕ್ಟರ," ಅಂದೆ. ಹುಡುಗನಿಗೆ ಬುದ್ಧಿ ಹೇಳಿದೆನೆಂಬ ಸಮಾಧಾನ ನನಗೆ. ನನ್ನ ಜವಾಬ್ದಾರಿಯ ಮೇಲೆ ಹೋಗುತ್ತೇನೆಂದು ಸಹಿ ಹಾಕಿ, ಗಂಡನನ್ನು ಕರೆಸಿಕೊಂಡು, ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿ ಇಳಕಲ್ಲಿಗೆ ಬಂದೆ.

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ನೋಡಿದರೆ ಕುದಿಸಿಟ್ಟ ಚಹಾದ ಬಣ್ಣ. ಉಷ್ಣ ಆಗಿರಬೇಕು ಅಂದುಕೊಂಡೆ. ನೀರು ಸುರಿದು ಬಂದೆ. ಮಧ್ಯಾಹ್ನ ಅದಕ್ಕಿಂತ ಕಪ್ಪು, ಒಂದು ಲೋಟದಷ್ಟೂ ಇಲ್ಲ. ಆಮೇಲೆ ಬರಲೇ ಇಲ್ಲ. ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ನಾಚಿಕೆ, ಅಷ್ಟೇ. ಮಕ್ಕಳಿಗೆ ಆರೋಗ್ಯದ ಪಾಠ ಹೇಳುವವಳಿಗೆ ಗಂಡನ ಎದುರು ಆ ಮಾತು ಆಡಲು ಬಾಯಿ ಬರಲಿಲ್ಲ. ಕಾಲು ಊದಿ ಸೀರೆಯೊಳಗೆ ಬಿಗಿಯತೊಡಗಿತು, ಬಾಯಲ್ಲಿ ಕಬ್ಬಿಣದ ರುಚಿ. ಎರಡು ಸಲ ವಾಂತಿ ಮಾಡಿಕೊಂಡೆ.

ಅದರ ಮರುದಿನ ನನ್ನ ಗುಟ್ಟು ಹಿಡಿದವರು ಅತ್ತೆ ಗೌರವ್ವ. ಎಂಬತ್ತು ದಾಟಿದ ಮುದುಕಿ, ಕಣ್ಣು ಮಂಜು. ಆದರೆ ಹಿತ್ತಲ ಬಾಗಿಲ ಪಕ್ಕದಲ್ಲೇ ಅವರ ಹಾಸಿಗೆ.

"ನಿನ್ನಿ ಮಧ್ಯಾನದಿಂದ ನೀ ಹಿತ್ತಲಕ ಹೋಗಿಲ್ಲ," ಎಂದರು.

"ಹೋಗಿದ್ದೆ, ಅತ್ತಿ."

"ಸುಳ್ಳ ಹೇಳಬ್ಯಾಡ. ಕದಾ ಸಪ್ಪಳ ಆಗಿಲ್ಲ. ಸಂಗಪ್ಪಾ, ಏಳಲೇ! ಮಗ್ಗ ಬಿಟ್ಟು ಏಳು, ಗಾಡಿ ತರಿಸು. ಇಕೀ ನೀರು ಕಟ್ಟೈತಿ!"

ಓಣಿಗೆಲ್ಲ ಕೇಳಿಸಿತು. ಆವತ್ತು ಅತ್ತೆಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈಗ ದಿನಾ ಅವರ ಕಾಲಿಗೆ ಎಣ್ಣೆ ಹಚ್ಚುವವಳು ನಾನೇ.

ಹುನಗುಂದ ದಾಟುವಾಗ ನನಗೆ ಅರ್ಧ ಎಚ್ಚರ. ಬಾಗಲಕೋಟೆಯ ದೊಡ್ಡ ಆಸ್ಪತ್ರೆಯ ಹೊರ ಹಾಲಿನಲ್ಲಿ ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ನಂಬರು ಕೂಗುವ ಮೈಕಿನ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರತಿ ಕೂಗಿಗೂ ಎಲ್ಲರೂ ಎದ್ದು ಬಾಗಿಲಿಗೆ ಮುತ್ತುತ್ತಿದ್ದರು. ಎರಡು ಕದಗಳಲ್ಲಿ ಒಂದನ್ನು ಮುಚ್ಚಿದ್ದರು. "ಆ ಕದಾನೂ ತಗೀರಿ, ತಗೀರಿ," ಎಂದು ಕಿರುಚಿದೆನಂತೆ. ಒಬ್ಬ ಆಯಾ ಬಂದು ಯಾವ ಪ್ರಶ್ನೆಯೂ ಕೇಳದೆ ಆ ಕದವನ್ನು ತೆಗೆದು ಅದಕ್ಕೆ ಬಕೆಟ್ ಅಡ್ಡ ಇಟ್ಟಳು. ಆಕೆಯ ಹೆಸರು ಗೊತ್ತಿಲ್ಲ, ಮುಖ ಮಾತ್ರ ಚೆನ್ನಾಗಿ ನೆನಪಿದೆ.

ಡಾಕ್ಟರಮ್ಮ ರಕ್ತದ ರಿಪೋರ್ಟ್ ಹಿಡಿದು ಬಂದರು. ಜಜ್ಜಿದ ಮಾಂಸಖಂಡದ ವಿಷ ರಕ್ತಕ್ಕೆ ಇಳಿದು ಎರಡೂ ಕಿಡ್ನಿ ನಿಂತಿವೆ, ಡಯಾಲಿಸಿಸ್ ಈಗಲೇ ಆಗಬೇಕು ಎಂದರು.

ನನ್ನ ಗಂಡ ಆ ದಿನ ಆಡಿದ್ದು ಒಂದೇ ಮಾತು. "ಮತ್ತ ಚಾಲೂ ಆಗ್ತಾವೇನ್ರಿ?"

"ಭಾಳ ಮಂದಿಗೆ ಆಗ್ತಾವ. ಇವರಿಗೆ ಆಗ್ತಾವ ಅಂತ ಇವತ್ತ ನಾ ಹೇಳಂಗಿಲ್ಲ," ಎಂದರು ಆಕೆ. ಸುಳ್ಳು ಸಮಾಧಾನ ಹೇಳದಿದ್ದಕ್ಕೆ ಆ ಹೆಣ್ಣುಮಗಳ ಮೇಲೆ ನನಗೆ ನಂಬಿಕೆ ಹುಟ್ಟಿತು. ಹೆದರಿಕೆಯೂ ಆಯಿತು. ಮುಂದೆ ಜೀವನವಿಡೀ ಆ ಯಂತ್ರಕ್ಕೆ ಕಟ್ಟಿಕೊಂಡು ಮಲಗಬೇಕಾದರೆ ಮೈದಾನದಲ್ಲಿ ಓಡುವುದು ಹೇಗೆ, ಸೀಟಿ ಊದುವುದು ಹೇಗೆ? ಮೈದಾನವಿಲ್ಲದ ನೀಲಮ್ಮನನ್ನು ನನಗೇ ಗೊತ್ತಿರಲಿಲ್ಲ.

ಕುತ್ತಿಗೆಗೆ ನಳಿಗೆ ಹಾಕಿದರು. ದಿನ ಬಿಟ್ಟು ದಿನ ನಾಲ್ಕು ತಾಸು. ನಳಿಗೆಯಿಂದಾಗಿ ಕೈ ಎತ್ತಿ ತಲೆ ಬಾಚಿಕೊಳ್ಳುವುದಾಗುತ್ತಿರಲಿಲ್ಲ, ಕೂದಲು ಗಂಟು ಕಟ್ಟಿತು. ಮೂರನೆಯ ದಿನ ಗಂಡ ಬಾಚಣಿಗೆ ಹಿಡಿದು ಹಿಂದೆ ಕೂತರು. ಹರಿದ ಎಳೆಯನ್ನು ಕಣ್ಣುಮುಚ್ಚಿ ಹುಡುಕಿ ಗಂಟು ಹಾಕುವ ಬೆರಳು ಅವು. ಒಂದು ಕೂದಲೂ ಎಳೆಯದೆ ಸಿಕ್ಕು ಬಿಡಿಸಿ ಜಡೆ ಹೆಣೆದರು. ನರ್ಸುಗಳು ಬಾಗಿಲಲ್ಲಿ ನಿಂತು ನಕ್ಕರು. ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ನನ್ನ ಗಂಡ ನನ್ನ ಜಡೆ ಹಾಕಿದರು, ನಾನು ಗೋಡೆಯ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ಕುಡಿಯಲು ಲೆಕ್ಕದ ನೀರು. ಬಾಗಲಕೋಟೆಯ ಬಿಸಿಲು ಹೊರಗೆ, ಬಾಯಿಗೆ ಒದ್ದೆ ಹತ್ತಿ. ದಿನಾ ಬೆಳಿಗ್ಗೆ ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗಿನಲ್ಲಿ ನನ್ನ ಮೂತ್ರ ಅಳೆಯುತ್ತಿದ್ದರು. ಮೊದಲ ಗೆರೆಯನ್ನೂ ಮುಟ್ಟುತ್ತಿರಲಿಲ್ಲ. ಅತ್ತೆ ಊರಿಂದ ಫೋನ್ ಮಾಡಿ, ಪಕ್ಕದ ಮನೆಯವರನ್ನೆಲ್ಲ ಕೂಡಿಸಿಕೊಂಡು, "ಇವತ್ತೆಷ್ಟಾತವಾ?" ಎಂದು ಕೂಗುತ್ತಿದ್ದರು. ಮುಚ್ಚಿಟ್ಟವಳಿಗೆ ಸರಿಯಾದ ಶಾಸ್ತಿ. ಇಡೀ ಓಣಿ ನನ್ನ ಮೂತ್ರಕ್ಕಾಗಿ ಕಾಯುತ್ತ ಕೂತಿತ್ತು.

ಡಯಾಲಿಸಿಸ್ ಹೊತ್ತಿನಲ್ಲಿ ಪಕ್ಕದ ಹಾಸಿಗೆಯಲ್ಲಿ ಮರೋಳದ ಹನಮಪ್ಪಣ್ಣ. ನಾಲ್ಕು ವರ್ಷದಿಂದ ವಾರಕ್ಕೆರಡು ಸಲ ಬರುವವರು, ಯಂತ್ರದ ಸದ್ದಿನಿಂದಲೇ ಅದರ ತಬಿಯತ್ತು ಹೇಳುತ್ತಿದ್ದರು. ಮೊದಲ ದಿನ ನಾನು ನಡುಗುವುದನ್ನು ಕಂಡು, "ಹೆದರಬ್ಯಾಡ ತಂಗಿ. ನಮ್ಮೂರಾಗ ಪಂಪ್ ಹಚ್ಚಿ ಹೊಳಿ ನೀರು ಮ್ಯಾಲೆತ್ತತಾರ. ಇಲ್ಲಿ ರಗತ ಎತ್ತತಾರ. ಕರೆಂಟ್ ಹ್ವಾದ್ರ ಅಲ್ಲಿ ಹೊಲ ಒಣಗತೈತಿ, ಇಲ್ಲಿ ಜನರೇಟರ್ ಐತಿ. ನಮ್ಮ ಹೊಲಕಿಂತ ನಿನ್ನ ನಸೀಬ ಚಲೋ," ಎಂದರು.

ಗಂಡ ಒಂದು ದಿನ ಪೇಪರಿನ ತುಂಡು ತಂದು ಕೊಟ್ಟರು. ಗಾಳಿಮಳೆಗೆ ಉತ್ಸವ ಅಸ್ತವ್ಯಸ್ತ, ನೂಕುನುಗ್ಗಲಿನಲ್ಲಿ ಕೆಲವರಿಗೆ ಸಣ್ಣಪುಟ್ಟ ಗಾಯ ಎಂದು ನಾಲ್ಕು ಸಾಲು. ಆ ಸಾಲುಗಳನ್ನು ನಾನು ಕುತ್ತಿಗೆಯಲ್ಲಿ ನಳಿಗೆ ಇಟ್ಟುಕೊಂಡೇ ಓದಿದೆ. ಯಾರೂ ಸಾಯಲಿಲ್ಲ, ಹಾಗಾಗಿ ಏನೂ ಆಗಲಿಲ್ಲ. ಕೈ ಮುರಿದವರು ಮೂವರು, ಪಕ್ಕೆಲುಬು ಮುರಿದವಳೊಬ್ಬಳು, ಕಿಡ್ನಿ ನಿಂತವಳು ನಾನು. ಕೈಗೆ ಸಿಕ್ಕಿದ್ದರೆ ಆ ಬರೆದವನನ್ನು ಮೈದಾನಕ್ಕೆ ಹತ್ತು ಸುತ್ತು ಓಡಿಸುತ್ತಿದ್ದೆ.

ಎರಡನೆಯ ವಾರ ವಾಮನರಾವ್ ಸರ್ ಬಂದರು. ಕೈಯಲ್ಲಿ ನಾಲ್ಕು ಎಳನೀರು, ಒಂದು ಗೊನೆ ಬಾಳೆಹಣ್ಣು. ಕಿಡ್ನಿ ನಿಂತವರಿಗೆ ಎರಡೂ ವಿಷ. ನರ್ಸು ಬಾಗಿಲಲ್ಲೇ ಕಸಿದುಕೊಂಡಳು. ಬರಿಗೈಯಾದ ಆ ಮನುಷ್ಯ ಸ್ಟೂಲಿನ ತುದಿಯಲ್ಲಿ ಕೂತು, "ಅಂಥಾ ಗಾಳಿ ಬರ್ತದ ಅಂತ ಯಾರಿಗೆ ಗೊತ್ತಿತ್ತು ಹೇಳ್ರಿ?" ಎಂದರು.

"ಆ ಕಡೆ ಗೇಟಿನ ಕೀಲಿ ಯಾರ ಕಡೆ ಇತ್ತು, ಸರ್?"

"ಒಬ್ಬ ಡ್ರೈವರ್ ಕಡೆ. ಅವಾ ಚಹಾ ಕುಡೀಲಿಕ್ಕೆ ಹೋಗಿದ್ದ." ಆಮೇಲೆ ತಗ್ಗಿದ ದನಿಯಲ್ಲಿ, "ಚಪ್ಪಲಿ ಅಲ್ಲಿ ಇಡಸಿದವರು ಯಾರು ಅಂತ ಎಲ್ಲಾರೂ ಕೇಳ್ಲಿಕ್ಕೆ ಹತ್ಯಾರ. ಸಂಘದ ಹೆಣ್ಣುಮಕ್ಕಳು ತಾವೇ ಇಡಸಿದ್ರು ಅಂತ ಹೇಳೇನಿ. ಅವರೂ ಏನೂ ಮಾತಾಡ್ಲಿಲ್ಲ," ಎಂದರು.

ನಾನೂ ಏನೂ ಮಾತಾಡಲಿಲ್ಲ. ಹೇಳಬೇಕಾದ ಮಾತು ಗಂಟಲಲ್ಲೇ ಇತ್ತು, ಬಾಯಿ ತೆರೆದರೆ ಸಾಕಿತ್ತು. ನಾನು ರೋಗಿ, ನನ್ನನ್ನು ಯಾರೂ ಕೇಳುವುದಿಲ್ಲ ಎಂಬ ಆಸರೆಯ ಹಿಂದೆ ಅಡಗಿಕೊಂಡೆ. ಶಾಂತವ್ವ ಮತ್ತು ಆ ಏಳು ಜನ, ನಾನು ಸಾಯುತ್ತೇನೆ ಅಂದುಕೊಂಡು ನನ್ನ ಹೆಸರು ಹೇಳಿರಲಿಲ್ಲ. ಬಾದಾಮಿ ಪೇಟೆಯಲ್ಲಿ ಜನ ಅವರನ್ನು ನಿಲ್ಲಿಸಿ ಬೈಯುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಮೊದಲು ಹೇಳಿದ್ದು ಹನಮಪ್ಪಣ್ಣನಿಗೆ. ಇಬ್ಬರೂ ಯಂತ್ರಕ್ಕೆ ಕಟ್ಟಿಕೊಂಡು ಮಲಗಿದ್ದೆವು.

"ನನಗ ಯಾಕ ಹೇಳ್ತಿ, ತಂಗಿ?" ಎಂದರು ಎಲ್ಲ ಕೇಳಿಸಿಕೊಂಡು. "ನಾ ಅಲ್ಲಿ ಇರಲಿಲ್ಲ. ನಂದೇನ ಚಪ್ಪಲಿ ಹೋಗಿಲ್ಲ. ಅಲ್ಲಿ ಕುಂತವ್ರಿಗೆ ಹೇಳು."

"ಎದ್ರ ಹೇಳ್ತೇನಿ."

"ಏಳಲಿಲ್ಲಂದ್ರ ಮಕ್ಕೊಂಡ ಹೇಳು. ಬಾಯಿಗೇನ ನಳಿಗಿ ಹಾಕಿಲ್ಲಲ್ಲ."

ಆವತ್ತೇ ನಿಶ್ಚಯ ಮಾಡಿದೆ. ಕಿಡ್ನಿ ಬರಲಿ ಬಿಡಲಿ, ಆ ಬಯಲಿಗೆ ಹೋಗಿ ಎಲ್ಲರೆದುರು ಆ ಮಾತು ಹೇಳುವುದೇ. ಮರುದಿನದಿಂದ ಹಾಸಿಗೆಯಲ್ಲೇ ಕಾಲು ಎತ್ತುವ ವ್ಯಾಯಾಮ ಶುರು ಮಾಡಿದೆ. ನನಗೆ ನಾನೇ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ನೋವಿಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಬೇಕಾದ ಕಡೆ ಬರುತ್ತಿರಲಿಲ್ಲ.

ಇಪ್ಪತ್ತನೆಯ ದಿನವೋ ಏನೋ, ಜಗ್ಗಿನಲ್ಲಿ ಎರಡು ಗೆರೆ. ನಾಲ್ಕು ದಿನ ಕಳೆದು ಅರ್ಧ ಜಗ್ಗು. ನರ್ಸು ಅದನ್ನು ಎತ್ತಿ ಹಿಡಿದು ವಾರ್ಡಿಗೆಲ್ಲ ತೋರಿಸಿದಳು. ಗಂಡ ಫೋನಿನಲ್ಲಿ ಅತ್ತೆಗೆ ಹೇಳಿದಾಗ ಆ ಕಡೆಯಿಂದ ಯಾರೋ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಡಾಕ್ಟರಮ್ಮ ಮೂರು ದಿನ ಯಂತ್ರ ನಿಲ್ಲಿಸಿ ನೋಡಿದರು, ಆಮೇಲೆ ನಳಿಗೆ ತೆಗೆದರು. "ಇನ್ನ ಬರಬ್ಯಾಡ್ರಿ ಈ ವಾರ್ಡಿಗೆ," ಎಂದು ನಕ್ಕರು.

ಹೊರಡುವಾಗ ಹನಮಪ್ಪಣ್ಣನ ಮುಖ ನೋಡಲು ನನಗೆ ಕಷ್ಟವಾಯಿತು. ನನ್ನ ಯಂತ್ರದ ನಂಟು ಬಿಟ್ಟುಹೋಯಿತು, ಅವರದು ಬಿಡುವಂಥದ್ದಲ್ಲ. ಅವರೇ ಕೈ ಎತ್ತಿ, "ಹೋಗ ತಂಗಿ, ಹಾಸಿಗಿ ಖಾಲಿ ಮಾಡು. ಮತ್ತೊಬ್ಬರು ಕಾಯಾಕ ಹತ್ಯಾರ," ಎಂದರು. ಈಗಲೂ ತಪಾಸಣೆಗೆ ಹೋದಾಗಲೆಲ್ಲ ಅವರ ಹತ್ತಿರ ಅರ್ಧ ತಾಸು ಕೂತು ಬರುತ್ತೇನೆ.

ಮನೆಗೆ ಬಂದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡವರಿಗೆ ಒಂದು ಮಾತು. ಕಾಲು ನಾಲ್ಕು ತಿಂಗಳಿಗೆ ಬಂತು, ಎಡಗಾಲು ಈಗಲೂ ಸ್ವಲ್ಪ ಎಳೆಯುತ್ತದೆ. ಹೆದರಿಕೆ ಮಾತ್ರ ಹೋಗಲಿಲ್ಲ. ಶಾಲೆಗೆ ಹೋದ ಮೊದಲ ದಿನ, ಗಂಟೆ ಬಾರಿಸಿ ಮಕ್ಕಳು ಒಮ್ಮೆಲೇ ವರಾಂಡಕ್ಕೆ ನುಗ್ಗಿದಾಗ ನಾನು ಸ್ಟಾಫ್ ರೂಮಿನ ಕಪಾಟಿನ ಹಿಂದೆ ಹೋಗಿ ನಿಂತಿದ್ದೆ. ಸಂತೆಗೆ ಹೋಗಲಿಲ್ಲ, ಬಸ್ಸು ಹತ್ತಲಿಲ್ಲ. ಯಾರ ಭುಜ ನನ್ನ ಭುಜಕ್ಕೆ ತಾಗಿದರೂ ಉಸಿರು ಕಟ್ಟುತ್ತಿತ್ತು. ಡಾಕ್ಟರಮ್ಮನಿಗೆ ಹೇಳಿದೆ. ಈ ಸಲ ಮುಚ್ಚಿಡಲಿಲ್ಲ. ಅವರು ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು, ಗುಳಿಗೆ ಕೊಟ್ಟರು, ದಿನಕ್ಕೆ ಸ್ವಲ್ಪ ಸ್ವಲ್ಪ ಮಂದಿಯ ನಡುವೆ ನಿಲ್ಲಲು ಹೇಳಿದರು. ಮೊದಲು ಹತ್ತು ಮಕ್ಕಳು, ಆಮೇಲೆ ಒಂದು ತರಗತಿ. ಗಂಡ ಕಾಂಪೌಂಡಿನ ಹೊರಗೆ ಸೈಕಲ್ ಹಿಡಿದು ನಿಂತಿರುತ್ತಿದ್ದರು.

ಮುಂದಿನ ವರ್ಷದ ಉತ್ಸವದ ಸಭೆ ಬಾದಾಮಿಯಲ್ಲಿ ಎಂದು ತಿಳಿದಾಗ ಕರೆಯದೆಯೇ ಹೋದೆ. ಸಮಿತಿಯಲ್ಲಿ ಅರ್ಧ ಜನರಿಗೆ ಉತ್ಸವವೇ ಬೇಡವಾಗಿತ್ತು.

"ಬ್ಯಾಡ ಅನ್ನೂದು ಸಸಾರ," ಅಂದೆ. "ಮಾಡ್ರಿ. ನಾಕು ಗೇಟ್ ಮಾಡ್ರಿ, ಒಂದಕ್ಕೂ ಕೀಲಿ ಬ್ಯಾಡ. ಚಪ್ಪಲಿ ಅವರವರ ಚೀಲದಾಗ ಅವರವರ ಕಡೆ ಇರಲಿ. ಬಯಲು ಹಿಡಿಯೂವಷ್ಟು ಮಂದಿ ಆದ ಮ್ಯಾಲ ಒಬ್ಬರನ್ನೂ ಬಿಡಬ್ಯಾಡ್ರಿ. ಮತ್ತ ಹಾಡು ಶುರು ಆಗೂಕಿಂತ ಮೊದಲ ಎಲ್ಲಾರನ್ನೂ ಒಮ್ಮೆ ಎಬ್ಬಿಸಿ, ಹೊರಗ ಕಳಿಸಿ, ತಿರುಗಿ ಒಳಗ ಕರೀರಿ."

ಕೊನೆಯ ಮಾತಿಗೆ ಎಲ್ಲರೂ ನಕ್ಕರು. "ಟೀಚರ್, ಇದೇನು ಸಾಲಿ ಡ್ರಿಲ್ ಅಲ್ಲ," ಎಂದರು ಒಬ್ಬರು.

"ಹೌದು, ಡ್ರಿಲ್ಲೇ. ಸಾಲ್ಯಾಗ ಮಾಡಸ್ತೇವಿ, ಅದಕ್ಕ ಹುಡುಗರು ಬದುಕ್ಯಾವ."

ವಾಮನರಾವ್ ಸರ್ ನಗಲಿಲ್ಲ. ನನ್ನ ಎಡಗಾಲಿನ ಕಡೆ ನೋಡಿ, "ಬರಕೊಳ್ರಿ. ನಾಲ್ಕೂ ಬರಕೊಳ್ರಿ," ಎಂದರು.

ಉತ್ಸವದ ದಿನ ಮಧ್ಯಾಹ್ನವೇ ಬಯಲಿಗೆ ಹೋದೆ. ನಾಲ್ಕು ಗೇಟುಗಳನ್ನೂ ನಡೆದು ನೋಡಿದೆ, ಪ್ರತಿಯೊಂದನ್ನೂ ತಳ್ಳಿ ನೋಡಿದೆ. ಅಳತೆಗೆ ಜನ ತುಂಬಿದಾಗ ಪ್ರವೇಶ ನಿಲ್ಲಿಸಿದರು. ಹೊರಗಿದ್ದವರು ಬೈದರು, ಬೈಯಿಸಿಕೊಂಡೆವು. ದೂರದಿಂದ ಬಂದ ದೊಡ್ಡ ಹಾಡುಗಾರರು ವೇದಿಕೆಯ ಮೇಲೆ ತಂಬೂರಿ ಶ್ರುತಿ ಮಾಡಿಕೊಂಡು ಕೂತಿದ್ದರು. ವಾಮನರಾವ್ ಸರ್ ಮೈಕಿನಲ್ಲಿ ಎಲ್ಲರೂ ಒಮ್ಮೆ ಎದ್ದು ಹೊರಗೆ ಹೋಗಿ ಬರಬೇಕೆಂದರು. ಯಾರೂ ಏಳಲಿಲ್ಲ.

"ಹಾಡು ಕೇಳಾಕ ಬಂದೇವೋ ಕವಾಯತು ಮಾಡಾಕ ಬಂದೇವೋ?" ಎಂದು ಒಬ್ಬ ಕೂಗಿದ. ನಗೆ ಎದ್ದಿತು. "ಜಾಗಾ ಹೋಗತೈತ್ರಿ, ನಾವು ಏಳೂದಿಲ್ಲ," ಎಂದಳು ಮುಂದಿನ ಸಾಲಿನ ಹೆಂಗಸು. ಸರ್ ಎರಡು ಸಲ ಕೇಳಿಕೊಂಡರು, ಮೂರನೆಯ ಸಲ ಹಾಡುಗಾರರ ಕಡೆ ತಿರುಗಿ ಸೋತ ಮುಖ ಮಾಡಿದರು. ಇನ್ನೊಂದು ನಿಮಿಷವಾಗಿದ್ದರೆ ಹಾಡು ಶುರುವಾಗುತ್ತಿತ್ತು.

ನಾನು ವೇದಿಕೆಯ ಮೂರು ಮೆಟ್ಟಿಲು ಹತ್ತಿದೆ. ಎದುರಿಗೆ ಅಷ್ಟು ಮಂದಿ. ಸರ್ ಕೈಯಿಂದ ಮೈಕು ತೆಗೆದುಕೊಂಡೆ. ಸೀಟಿ ಕೊರಳಲ್ಲೇ ಇತ್ತು, ಊದಲಿಲ್ಲ.

"ನಾ ನೀಲಮ್ಮ, ಇಳಕಲ್ಲಾಕಿ," ಅಂದೆ. "ಹ್ವಾದ ವರ್ಷ ಇಲ್ಲೇ ಮಂದಿ ಬಿದ್ರು. ಚಪ್ಪಲಿ ಗೇಟಿನ ಕಡೆ ಇಡಸ್ರಿ ಅಂತ ಹೇಳಿದಾಕಿ ನಾನು. ಬ್ಯಾಡ್ರಿ ಅಂತ ಶಾಂತವ್ವ ಹೇಳಿದ್ಲು, ನಾ ಕೇಳಲಿಲ್ಲ. ಸಂಘದ ಹೆಣ್ಣುಮಕ್ಕಳದು ಏನೂ ತಪ್ಪಿಲ್ಲ. ಒಂದ ವರ್ಷ ನನ್ನ ಸಲುವಾಗಿ ಅವರು ಬೈಸಿಕೊಂಡ್ರು, ನಾ ಸುಮ್ಮ ಇದ್ದೆ. ತಪ್ಪು ನಂದು."

ಹಿಂದೆ ತಂಬೂರಿಯವರು ತಂತಿಯಿಂದ ಕೈ ತೆಗೆದರು.

"ನನ್ನ ಎರಡೂ ಕಿಡ್ನಿ ನಿಂತಿದ್ವು, ತಿರುಗಿ ಬಂದಾವ. ಮುಂದಿನಾಕೀವು ಬರ್ತಾವ ಅಂತ ನಾ ಹೇಳಂಗಿಲ್ಲ. ಏಳ್ರಿ. ಒಮ್ಮೆ ಹೊರಗ ಹೋಗಿ ಬರ್ರಿ. ನಿಮ್ಮ ಕಾಲು ಬೀಳತೇನಿ."

ಬಯಲಿನ ನಡುವೆ ಎಲ್ಲೋ ಒಬ್ಬಳು ಎದ್ದಳು. ಶಾಂತವ್ವ. ನನ್ನ ಕಡೆ ನೋಡಲಿಲ್ಲ, ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿರದ ಗೇಟಿನತ್ತ ನಡೆದಳು. ಅವಳ ಹಿಂದೆ ಸಂಘದವರು, ಅವರ ಹಿಂದೆ ಆ ಸಾಲು, ಆಮೇಲೆ ಪಕ್ಕದ ಸಾಲು. ಮುಂದಿನ ಸಾಲಿನ ಹೆಂಗಸು ಗೊಣಗುತ್ತಲೇ ಎದ್ದಳು. ನಾಲ್ಕು ಕಡೆಗೆ ನಾಲ್ಕು ಪಾಲಾಗಿ ಜನ ಹರಿದು ಹೋದರು, ಯಾರೂ ಯಾರನ್ನೂ ತಳ್ಳಲಿಲ್ಲ. ನಾನು ಗಡಿಯಾರ ನೋಡಿದೆ. ಏಳು ನಿಮಿಷಕ್ಕೆ ಬಯಲಿನಲ್ಲಿ ಜಮಖಾನೆ ಮಾತ್ರ ಉಳಿದಿತ್ತು.

ಅವರು ಮತ್ತೆ ಒಳಗೆ ಬರುವಷ್ಟರಲ್ಲಿ ವಾಮನರಾವ್ ಸರ್ ನನಗೆ ಗೇಟಿನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿದ್ದರು. ಅವರ ಕಾಳಜಿ ದೊಡ್ಡದು. ಆದರೆ ನಾನು ಅಲ್ಲಿ ಕೂರಲಿಲ್ಲ. ಬಯಲಿನ ನಟ್ಟನಡುವೆ ಹೋಗಿ ನೆಲದ ಮೇಲೆ ಕೂತೆ. ಜನ ಬಂದರು, ಮುಂದೆ ಕೂತರು, ಹಿಂದೆ ಕೂತರು, ಎಡಬಲ ತುಂಬಿದರು. ಉಸಿರು ಬಿಗಿಯಿತು. ಒಂದು, ಎರಡು, ಮೂರು ಎಂದು ಎಣಿಸಿದೆ. ಹಾಡು ಶುರುವಾಯಿತು.

ಗುರುತಿಲ್ಲದ ಒಬ್ಬ ದಪ್ಪನೆಯ ಹೆಂಗಸು, ಕಂಕುಳಲ್ಲಿ ಕೂಸು, ಸಾಲಿನೊಳಗೆ ನುಸುಳುತ್ತ ಬಂದು ನನ್ನ ಭುಜದ ಮೇಲೆ ಕೈಯೂರಿ ನಿಂತಳು.

"ಯಕ್ಕಾ, ಸ್ವಲ್ಪ ಸರೀರಿ, ನಾನೂ ಕುಂಡ್ರತೇನಿ," ಎಂದಳು.

ನಾನು ಸರಿದು ಜಾಗ ಕೊಟ್ಟೆ.